ಬಳಸದ ರಂಧ್ರಕ್ಕೊಂದು ಬಿರಡೆ: ಕಿರುವಿಮಾನದ ಕಟ್ಟುರಂಧ್ರ ಮತ್ತು ಸಣ್ಣ ಉದ್ದಿಮೆಗೆ ಅದರ ಪಾಠ

ಚಳ್ಳಕೆರೆಯ ಎಣ್ಣೆ ವ್ಯಾಪಾರವನ್ನು ಬಲ್ಲವರಿಗೆ ಪೀಪಾಯಿಯ ಬಿರಡೆಯ ಮಹತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ತುಂಬಿದ ಪೀಪಾಯಿಗೆ ಬಿರಡೆ ಹಾಕುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಖಾಲಿ ಪೀಪಾಯಿಗೆ. ಬಿರಡೆಯಿಲ್ಲದೆ ಅಂಗಳದಲ್ಲಿ ಉಳಿದ ಖಾಲಿ ಪೀಪಾಯಿಯೊಳಗೆ ಮಳೆನೀರು ಇಳಿಯುತ್ತದೆ, ಧೂಳು ಸೇರುತ್ತದೆ, ಒಳಮೈ ತುಕ್ಕು ಹಿಡಿಯುತ್ತದೆ. ಮುಂದಿನ ಬಾರಿ ಎಣ್ಣೆ ತುಂಬಿದಾಗಲೇ ನಷ್ಟ ಅರಿವಿಗೆ ಬರುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ವಿಷಯವೂ ಇದೇ. ನೀರು ಬಂದ ಬಾವಿಗೆ ಕಾವಲಿರುತ್ತದೆ. ನೀರು ಬಾರದ ಬಾವಿಯ ಬಾಯಿ ತೆರೆದೇ ಉಳಿಯುತ್ತದೆ. ಇಂತಹ ಬಾವಿಗಳನ್ನು ಮುಚ್ಚುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ಮಾರ್ಗಸೂಚಿಗಳನ್ನು ನೀಡಬೇಕಾಯಿತು. ಬಳಕೆಯಲ್ಲಿರುವ ರಂಧ್ರಕ್ಕಿಂತ ಬಳಕೆಯಲ್ಲಿಲ್ಲದ ರಂಧ್ರವೇ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ ಎಂಬುದು ಇವೆರಡರ ಸಾರ.

ಇದೇ ಮಾತು ವಿಮಾನಕ್ಕೂ ಅನ್ವಯಿಸುತ್ತದೆ. ಹವ್ಯಾಸಿಗಳು ಸ್ವತಃ ಜೋಡಿಸಿಕೊಳ್ಳುವ ಒಂದು ಅಥವಾ ಎರಡು ಆಸನಗಳ ಕಿರುವಿಮಾನದಲ್ಲಿ, ಹಾರಾಟದ ವೇಳೆ ಕೆಲಸವಿಲ್ಲದೆ ತೆರೆದುಕೊಳ್ಳುವ ಕೆಲವು ರಂಧ್ರಗಳಿರುತ್ತವೆ. ಅವುಗಳಿಗೆ ಹಾಕುವ ಬಿರಡೆಯ ತೂಕ ಒಂದು ಗ್ರಾಮಿಗೂ ಕಡಿಮೆ. ಆದರೆ ಅದನ್ನು ಯಾವ ವಸ್ತುವಿನಿಂದ, ಯಾವ ಅಳತೆಗೆ ಮಾಡಬೇಕು, ಯಾವ ರಂಧ್ರಕ್ಕೆ ಹಾಕಬೇಕು ಮತ್ತು ಯಾವುದಕ್ಕೆ ಹಾಕಲೇಬಾರದು ಎಂಬ ಪ್ರಶ್ನೆಗಳು ವೈಮಾನಿಕ ಬಿಡಿಭಾಗಗಳ ಇಡೀ ಶಿಸ್ತನ್ನೇ ತೆರೆದಿಡುತ್ತವೆ.

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ ಹಾಗೂ ಚಳ್ಳಕೆರೆ ಸುತ್ತಲಿನ ಉದ್ಯಮಿಗಳಿಗೆ ಈ ಶಿಸ್ತು ಇಂದು ದೂರದ ಸಂಗತಿಯಲ್ಲ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರ ಮೇ 28ರಂದು ಚಳ್ಳಕೆರೆ ಬಳಿ ಉದ್ಘಾಟನೆಗೊಂಡಿತು. ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನವನ್ನು ತಾನಾಗಿಯೇ ನೆಲಕ್ಕಿಳಿಸುವ ಪ್ರಯೋಗವನ್ನು 2023ರ ಏಪ್ರಿಲ್ 2ರಂದು ಇಲ್ಲಿಯೇ ನಡೆಸಿತು. ಅದು ಹವ್ಯಾಸಿಗಳ ವಿಮಾನಗಳಿಗೆ ತೆರೆದ ನಿಲ್ದಾಣವಲ್ಲ, ನಿಜ. ಆದರೆ ಎಣ್ಣೆ, ಕಂಬಳಿ ಮತ್ತು ರೇಷ್ಮೆಗೆ ಹೆಸರಾದ ಸೀಮೆಯ ಅಂಗಳಕ್ಕೆ ವಿಮಾನ ತಂತ್ರಜ್ಞಾನ ಬಂದು ನಿಂತಿರುವಾಗ, ಅದರ ಅತಿ ಚಿಕ್ಕ ಬಿಡಿಭಾಗವೊಂದರ ಹಿಂದಿರುವ ವಿಚಾರವನ್ನು ಅರಿಯುವುದು ಉಪಯುಕ್ತ.

ಕಟ್ಟುರಂಧ್ರ ಎಂದರೇನು?

ಕಿರುವಿಮಾನವು ಹಗುರವಾದ ವಾಹನ. ನೆಲದ ಮೇಲೆ ನಿಂತಾಗಲೂ ಅದರ ರೆಕ್ಕೆ ರೆಕ್ಕೆಯೇ. ಗಾಳಿ ಬೀಸಿದರೆ ಅದು ಮೇಲೇಳಲು ಯತ್ನಿಸುತ್ತದೆ. ಆದಕಾರಣ ಬಯಲಿನಲ್ಲಿ ನಿಲ್ಲಿಸಿದ ವಿಮಾನವನ್ನು ಎರಡು ರೆಕ್ಕೆಗಳ ಅಡಿಯಲ್ಲಿ ಒಂದೊಂದು ಮತ್ತು ಬಾಲದ ಬಳಿ ಒಂದು, ಹೀಗೆ ಮೂರು ಕಡೆ ಹಗ್ಗದಿಂದ ನೆಲದ ಗೂಟಗಳಿಗೆ ಬಿಗಿಯಲಾಗುತ್ತದೆ. ಹಗ್ಗ ಪೋಣಿಸಲು ಬಳೆಯಾಕಾರದ ತಲೆಯುಳ್ಳ ಬೋಲ್ಟ್ ಬೇಕು. ಅನೇಕ ವಿನ್ಯಾಸಗಳಲ್ಲಿ ಈ ಕಟ್ಟುಬಳೆಯನ್ನು ತಿರುಗಿಸಿ ತೆಗೆಯಬಹುದು. ಅದು ಕೂರುವ, ತಿರುಪಿನ ಎಳೆಗಳುಳ್ಳ ರಂಧ್ರವೇ ಕಟ್ಟುರಂಧ್ರ. ಲೋಹದ ರೆಕ್ಕೆಯಲ್ಲಿ ಈ ಎಳೆಗಳನ್ನು ರೆಕ್ಕೆಯ ಮುಖ್ಯ ತೊಲೆಗೆ ಜೋಡಿಸಿದ ಅಲ್ಯೂಮಿನಿಯಂ ಗಟ್ಟಿಯಲ್ಲಿ ಕೊರೆದಿರುತ್ತಾರೆ.

ಈ ರಂಧ್ರದ ಮೇಲೆ ಬೀಳುವ ಹೊಣೆ ಅಲ್ಪವಲ್ಲ. ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ನೆಲ ಬಿಡಬಲ್ಲ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಷ್ಟೇ ವೇಗದ ಗಾಳಿ ಎದುರಿನಿಂದ ಬೀಸಿ, ರೆಕ್ಕೆಯ ಮೂತಿ ಸಾಕಷ್ಟು ಮೇಲಕ್ಕೆತ್ತಿದ್ದರೆ, ನಿಂತಲ್ಲೇ ಆ ವಿಮಾನದ ಪೂರ್ತಿ ತೂಕವನ್ನು ಗಾಳಿ ಹೊರಬಲ್ಲದು. ಬಾಲದಡಿಯ ಗಾಲಿಯ ಮೇಲೆ ಕೂರುವ ವಿಮಾನಗಳ ಮೂತಿ ಸದಾ ಎತ್ತಿಯೇ ಇರುವುದರಿಂದ ಅವುಗಳಿಗೆ ಅಪಾಯ ಹೆಚ್ಚು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮುಂಗಾರಿಗೆ ಮುನ್ನ ಏಳುವ ಬಿರುಗಾಳಿ ತಗಡಿನ ಚಾವಣಿಗಳನ್ನು ಹಾರಿಸುವುದನ್ನು ಕಂಡವರಿಗೆ ಇದು ಅತಿಶಯೋಕ್ತಿ ಎನಿಸದು. ಅಂತಹ ಗಳಿಗೆಯಲ್ಲಿ ವಿಮಾನವನ್ನು ಉಳಿಸುವುದು ಹಗ್ಗ, ಗೂಟ ಮತ್ತು ಆ ರಂಧ್ರದೊಳಗಿನ ಕೆಲವೇ ಎಳೆಗಳು.

ಬಳೆಯನ್ನು ತೆಗೆಯುವುದೇಕೆ?

ಕಟ್ಟುಬಳೆಯನ್ನು ಹಾಗೆಯೇ ಬಿಟ್ಟು ಹಾರಿದರೆ ಏನು ನಷ್ಟ ಎಂಬ ಪ್ರಶ್ನೆ ಸಹಜ. ಇದಕ್ಕೆ ಸರಳ ಲೆಕ್ಕವೊಂದು ಉತ್ತರ ನೀಡುತ್ತದೆ. ಗಾಳಿಗೆ ಎದುರಾಗುವ ಬಳೆಯ ಮೈ 10 ಚದರ ಸೆಂಟಿಮೀಟರ್ ಎಂದೂ, ವಿಮಾನದ ವೇಗ ಗಂಟೆಗೆ ಸುಮಾರು 250 ಕಿ.ಮೀ. ಎಂದೂ ಇಟ್ಟುಕೊಂಡರೆ, ಒಂದು ಬಳೆಯ ಮೇಲೆ ಬೀಳುವ ಎದುರೊತ್ತಡ ಸುಮಾರು 300 ಗ್ರಾಂ ತೂಕಕ್ಕೆ ಸಮ. ಎರಡು ರೆಕ್ಕೆಗಳ ಎರಡು ಬಳೆಗಳನ್ನು ಆ ವೇಗದಲ್ಲಿ ಎಳೆದೊಯ್ಯಲು ಸರಿಸುಮಾರು ಅರ್ಧ ಅಶ್ವಶಕ್ತಿ ವ್ಯಯವಾಗುತ್ತದೆ. ನೂರು ಅಥವಾ ನೂರೈವತ್ತು ಅಶ್ವಶಕ್ತಿಯ ಎಂಜಿನ್‌ಗೆ ಇದು ದೊಡ್ಡ ಹೊರೆಯಲ್ಲ. ಆದರೆ ಒಂದು ನಿಮಿಷದ ಕೆಲಸದಿಂದ ಪ್ರತಿ ಹಾರಾಟದಲ್ಲೂ ಉಳಿಯುವ ಇಂಧನವನ್ನು ಯಾರೂ ಬಿಟ್ಟುಕೊಡಲು ಬಯಸುವುದಿಲ್ಲ.

ಬಳೆ ತೆಗೆದ ಮೇಲೆ ರಂಧ್ರ ಉಳಿಯಿತು. ರೆಕ್ಕೆಯ ಮೈಗೆ ಸಮನಾದ ಅಷ್ಟು ಸಣ್ಣ ರಂಧ್ರದಿಂದ ಉಂಟಾಗುವ ಎಳೆತ ಬಳೆಯದಕ್ಕೆ ಹೋಲಿಸಿದರೆ ನಗಣ್ಯ. ಆದ್ದರಿಂದ ಬಿರಡೆಯಿಂದ ವೇಗ ಹೆಚ್ಚುತ್ತದೆ ಎಂದು ಹೇಳಿ ಅದನ್ನು ಮಾರುವುದು ಸರಿಯಲ್ಲ. ಬಿರಡೆಯ ನಿಜವಾದ ಪ್ರಯೋಜನ ರಂಧ್ರದೊಳಗಿನ ಎಳೆಗಳ ರಕ್ಷಣೆ.

ತೆರೆದ ರಂಧ್ರದ ಕೇಡು

ತೆರೆದ ಕಟ್ಟುರಂಧ್ರಕ್ಕೆ ಮೂರು ಶತ್ರುಗಳು. ಮೊದಲನೆಯದು ಧೂಳು. ನೆಲಗಡಲೆಯ ಹೊಲಗಳ ನಡುವಿನ ಮಣ್ಣಿನ ಓಡುದಾರಿಯಲ್ಲಿ ಗಾಲಿಗಳು ಚಿಮ್ಮಿಸುವ ಮರಳು ರೆಕ್ಕೆಯ ಅಡಿಮೈಗೇ ಬಡಿಯುತ್ತದೆ. ಎಳೆಗಳಲ್ಲಿ ಕುಳಿತ ಮರಳಿನ ಕಣಗಳ ಮೇಲೆ ಉಕ್ಕಿನ ಬಳೆಯನ್ನು ತಿರುಗಿಸಿದಾಗ ಅವು ಅರದಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಎಳೆಗಳನ್ನು ಸವೆಸುತ್ತವೆ.

ಎರಡನೆಯದು ನೀರು. ರೆಕ್ಕೆಯ ಅಡಿಯಲ್ಲಿರುವ ರಂಧ್ರಕ್ಕೆ ಮಳೆ ನೇರವಾಗಿ ಬೀಳದಿದ್ದರೂ, ಗಾಲಿ ಎರಚಿದ ಕೆಸರುನೀರು ಮತ್ತು ತೊಳೆಯುವಾಗಿನ ನೀರು ಅಲ್ಲಿ ತಂಗುತ್ತವೆ. ಅಲ್ಯೂಮಿನಿಯಂ ಮತ್ತು ಉಕ್ಕು ತೇವದಲ್ಲಿ ಪರಸ್ಪರ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗನೆ ಕೊರೆದುಹೋಗುತ್ತದೆ. ತುಕ್ಕು ಹಿಡಿಯದ ಉಕ್ಕು ಎಂದು ಮಾರಾಟವಾಗುವ ಸ್ಟೇನ್‌ಲೆಸ್ ಸ್ಟೀಲ್ ಕೂಡ ಇದಕ್ಕೆ ಹೊರತಲ್ಲ. ಅದು ತಾನು ಉಳಿದು ಅಲ್ಯೂಮಿನಿಯಂ ಅನ್ನು ಬಲಿಕೊಡುತ್ತದೆ.

ಮೂರನೆಯದು ಮಣ್ಣಿನ ಗೂಡು ಕಟ್ಟುವ ಕಣಜ. ನಮ್ಮ ಮನೆಗಳ ಕಿಟಕಿಯ ಚೌಕಟ್ಟು, ಬೀಗದ ಕಿಂಡಿ, ಬಳಸದ ಕೊಳವೆಗಳಲ್ಲಿ ಹಸಿಮಣ್ಣು ತಂದು ಗೂಡು ಕಟ್ಟುವ ಈ ಕೀಟಕ್ಕೆ ಬೆರಳಗಲದ ರಂಧ್ರ ಅತ್ಯಂತ ಪ್ರಿಯ. ಒಣಗಿದ ಗೂಡು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಸಂಜೆ ಬಿರುಗಾಳಿಯ ಮುನ್ಸೂಚನೆ ಕಂಡು ಬಳೆ ಹಾಕಹೊರಟವನಿಗೆ ಎರಡು ಸುತ್ತಿಗಿಂತ ಹೆಚ್ಚು ತಿರುಗಿಸಲು ಆಗದಿದ್ದರೆ, ಆ ಎರಡು ಎಳೆಗಳನ್ನೇ ನಂಬಿ ವಿಮಾನವನ್ನು ಬಿಟ್ಟುಹೋಗಬೇಕಾಗುತ್ತದೆ.

ಬಿರಡೆಯ ವಸ್ತು ಮತ್ತು ಅಳತೆ

ಅಮೆರಿಕದ ವಿನ್ಯಾಸಗಳಲ್ಲಿ ಈ ರಂಧ್ರದ ಸಾಮಾನ್ಯ ಅಳತೆ ಒಂದು ಇಂಚಿನ ಎಂಟನೇ ಮೂರು ಭಾಗ, ಇಂಚಿಗೆ 16 ಎಳೆ. ಮೆಟ್ರಿಕ್ ಲೆಕ್ಕದಲ್ಲಿ ಹೊರವ್ಯಾಸ 9.525 ಮಿಲಿಮೀಟರ್, ಎಳೆಯಿಂದ ಎಳೆಗೆ 1.5875 ಮಿಲಿಮೀಟರ್. ನಮ್ಮ ಲೇತ್ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಎಂ-10 ಬೋಲ್ಟಿನ ವ್ಯಾಸ 10 ಮಿಲಿಮೀಟರ್, ಎಳೆಯ ಅಂತರ 1.5 ಮಿಲಿಮೀಟರ್. ಕಣ್ಣಿಗೆ ಇವೆರಡೂ ಒಂದೇ. ಆದರೆ ಲೋಹದ ಎಂ-10 ಬಿರಡೆಯನ್ನು ಇಂಚಿನ ರಂಧ್ರಕ್ಕೆ ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಎಳೆಗಳು ಹರಿಯುತ್ತವೆ. ಇಂಚಿನ ಬಿರಡೆಯನ್ನು ಎಂ-10 ರಂಧ್ರಕ್ಕೆ ಹಾಕಿದರೆ ಅದು ಸಡಿಲವಾಗಿಯೇ ಕೂರುತ್ತದೆ. ಮಾದರಿ ತುಂಡನ್ನು ಕಣ್ಣಳತೆಯಲ್ಲಿ ನೋಡಿ ಒಪ್ಪಿಕೊಂಡ ಆದೇಶ ಇಲ್ಲಿ ಕೈಕೊಡುತ್ತದೆ. ಎಳೆಮಾಪಕವಿಲ್ಲದೆ ಈ ಕೆಲಸ ನಡೆಯದು.

ವಸ್ತುವಿನ ಆಯ್ಕೆಯಲ್ಲಿ ಲೋಹಕ್ಕಿಂತ ಗಟ್ಟಿ ಪ್ಲಾಸ್ಟಿಕ್ ಮೇಲು. ಬಿರಡೆಗೆ ಯಾವ ಭಾರವನ್ನೂ ಹೊರುವ ಕೆಲಸವಿಲ್ಲ. ತಪ್ಪಾಗಿ ಕೂರಿಸಿದರೆ ಹಾಳಾಗಬೇಕಾದುದು ಬಿರಡೆಯೇ ಹೊರತು ರಂಧ್ರದ ಎಳೆಯಲ್ಲ. ಪ್ಲಾಸ್ಟಿಕ್ ಈ ಗುಣವನ್ನು ತಾನಾಗಿಯೇ ಹೊಂದಿದೆ. ನೈಲಾನ್ ಸುಲಭವಾಗಿ ದೊರೆಯುತ್ತದೆ, ಎಳೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ತೇವ ಹೀರಿ ಸ್ವಲ್ಪ ಉಬ್ಬುತ್ತದೆ. ಅಸೆಟಾಲ್ ಎಂಬ ಪ್ಲಾಸ್ಟಿಕ್ ಬಹಳ ಕಡಿಮೆ ತೇವ ಹೀರುವುದರಿಂದ ಅಳತೆ ನಿಖರವಾಗಿ ಉಳಿಯುತ್ತದೆ. ಎರಡೂ ದೀರ್ಘಕಾಲದ ಬಿಸಿಲಿಗೆ ಪೆಡಸಾಗುತ್ತವಾದ್ದರಿಂದ, ಬಿಸಿಲು ತಾಳುವಂತೆ ಕಪ್ಪು ಬಣ್ಣ ಬೆರೆಸಿದ ಸರಕನ್ನು ಆರಿಸುವುದು ವಾಡಿಕೆ.

ಆಕಾರವೂ ಸರಳವೇ. ನಾಲ್ಕೈದು ಎಳೆ ಹಿಡಿಯುವಷ್ಟು, ಅಂದರೆ 8ರಿಂದ 10 ಮಿಲಿಮೀಟರ್ ಉದ್ದ ಸಾಕು. ಹೊರಮುಖ ರೆಕ್ಕೆಯ ಮೈಗೆ ಸಮನಾಗಿರಬೇಕು. ತಿರುಗಿಸಲು ನಾಣ್ಯ ಹಿಡಿಯುವ ಅಗಲದ ಗೀರಿದ್ದರೆ ಬಯಲಿನಲ್ಲಿ ಉಪಕರಣ ಹುಡುಕಬೇಕಾಗುವುದಿಲ್ಲ.

ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎರಡು ಪರ್ಯಾಯಗಳ ಬಗ್ಗೆ ವರ್ತಕರು ಎಚ್ಚರ ವಹಿಸಬೇಕು. ವಿನೆಗರ್ ವಾಸನೆ ಬೀರುತ್ತ ಒಣಗುವ ಸಿಲಿಕೋನ್ ಅಂಟು ಆಮ್ಲವನ್ನು ಹೊರಬಿಡುತ್ತದೆ. ಅದು ಅಲ್ಯೂಮಿನಿಯಂಗೆ ಒಗ್ಗದು, ಎಳೆಗಳಿಂದ ಪೂರ್ತಿ ತೆಗೆಯಲೂ ಬಾರದು. ಬೋಲ್ಟುಗಳು ಸಡಿಲವಾಗದಂತೆ ಹಚ್ಚುವ ದ್ರವರೂಪದ ಅಂಟುಗಳು ಲೋಹಕ್ಕೆಂದು ತಯಾರಾದವು. ಕೆಲವು ಪ್ಲಾಸ್ಟಿಕ್‌ಗಳನ್ನು ಅವು ಸೀಳಿಸುತ್ತವೆ.

ಕನ್ನಡ ನಾಡಿನ ಒಂದು ನಿದರ್ಶನ

ಹವ್ಯಾಸಿ ವಿಮಾನದ ವಿನ್ಯಾಸವೊಂದು ಬೆಂಗಳೂರಿನಲ್ಲಿ ಮಹತ್ವದ ಕೆಲಸಕ್ಕೆ ನಾಂದಿಯಾದದ್ದು ಅನೇಕರಿಗೆ ತಿಳಿದಿರಲಾರದು. ಅಮೆರಿಕದ ಬರ್ಟ್ ರುಟಾನ್ ಅವರು ಮನೆಯಲ್ಲೇ ಕಟ್ಟಬಹುದಾದಂತೆ ರೂಪಿಸಿದ ಲಾಂಗ್-ಈಝೀ ವಿಮಾನ 1979ರಲ್ಲಿ ಮೊದಲು ಹಾರಿತು. ಹಗುರವಾದ ಫೋಮ್ ತಿರುಳಿನ ಮೇಲೆ ಗಾಜಿನ ನಾರು ಮತ್ತು ರಾಳವನ್ನು ಹೊದಿಸಿ ಅದನ್ನು ಕಟ್ಟಲಾಗುತ್ತದೆ. ಈ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ನಿರ್ಮಿಸಿದ ಲಘು ಸಂಶೋಧನಾ ವಿಮಾನ 1987ರ ಫೆಬ್ರವರಿಯಲ್ಲಿ ಹಾರಿತು. ಅದರ ನೇತೃತ್ವ ವಹಿಸಿದ್ದವರು ಪ್ರೊ. ರುಸ್ತುಂ ದಮಾನಿಯಾ. ಅದೇ ವಿಮಾನದಿಂದ ವಿಕಾಸಗೊಂಡ ಮಾನವರಹಿತ ವಿಮಾನಕ್ಕೆ ಅವರ ನೆನಪಿನಲ್ಲಿ ‘ರುಸ್ತುಂ-1’ ಎಂದು ಹೆಸರಿಡಲಾಯಿತು. ಅದು 2010ರ ಅಕ್ಟೋಬರ್‌ನಲ್ಲಿ ಹೊಸೂರಿನಲ್ಲಿ ಯಶಸ್ವಿಯಾಗಿ ಹಾರಿತು. ಹೆಸರು ಮಾತ್ರ ಹಂಚಿಕೊಂಡ, ವಿನ್ಯಾಸದಲ್ಲಿ ಬೇರೆಯೇ ಆದ ‘ರುಸ್ತುಂ-2’ 2016ರ ನವೆಂಬರ್‌ನಲ್ಲಿ ಚಳ್ಳಕೆರೆಯ ಪರೀಕ್ಷಾ ವಲಯದಿಂದ ಮೊದಲ ಬಾರಿಗೆ ಹಾರಿತು.

ಲಾಂಗ್-ಈಝೀ ವಂಶದ ವಿಮಾನಗಳಲ್ಲಿ ಬಿರಡೆಯ ಪ್ರಶ್ನೆ ಎರಡು ಕಾರಣಗಳಿಂದ ಇನ್ನಷ್ಟು ಗಂಭೀರವಾಗುತ್ತದೆ. ಒಂದು, ನಾರಿನ ಹೊದಿಕೆಯ ರಂಧ್ರದಿಂದ ನೀರು ಒಳಗಿನ ತಿರುಳನ್ನು ಸೇರಿದರೆ ಅದು ಹೊರಗಿನಿಂದ ಕಾಣದು, ಬೇಗ ಒಣಗದು. ಇನ್ನೊಂದು, ಇವುಗಳ ಪ್ರೊಪೆಲ್ಲರ್ ಇರುವುದು ಹಿಂಬದಿಯಲ್ಲಿ. ಮುಂಬದಿ ಪ್ರೊಪೆಲ್ಲರಿನ ವಿಮಾನದಿಂದ ಕಳಚಿದ ರೆಕ್ಕೆಯ ಬಿರಡೆ ಹೊಲದಲ್ಲಿ ಬೀಳುತ್ತದೆ, ಮಾಲೀಕ ಇನ್ನೊಂದು ಕೊಳ್ಳುತ್ತಾನೆ. ಹಿಂಬದಿ ಪ್ರೊಪೆಲ್ಲರಿನ ವಿಮಾನದಲ್ಲಿ ಮುಂಭಾಗದಿಂದ ಕಳಚಿದ ವಸ್ತು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಅಲಗುಗಳತ್ತಲೇ ಹೋಗಬಹುದು. ಒಂದೇ ಅಳತೆಯ ಬಿರಡೆ ಒಂದು ವಿಮಾನದಲ್ಲಿ ನಿರುಪದ್ರವಿ, ಇನ್ನೊಂದರಲ್ಲಿ ಅಪಾಯಕಾರಿ. ತಯಾರಕನು ತನ್ನ ವಸ್ತು ಎಲ್ಲಿ ಕೂರುತ್ತದೆ ಎಂಬುದನ್ನು ಕೇಳಿ ತಿಳಿಯಬೇಕೆನ್ನುವುದು ಈ ಕಾರಣಕ್ಕಾಗಿ.

ಮುಚ್ಚಬಾರದ ರಂಧ್ರಗಳು

ವಿಮಾನದ ಎಲ್ಲ ರಂಧ್ರಗಳೂ ಮುಚ್ಚಲು ಯೋಗ್ಯವಲ್ಲ. ರೆಕ್ಕೆಯ ತಗ್ಗಿನಲ್ಲಿರುವ ಸಣ್ಣ ರಂಧ್ರಗಳು ಒಳಗೆ ಕೂಡಿದ ನೀರನ್ನು ಹೊರಹಾಕಲು ಇರುತ್ತವೆ. ಇಂಧನ ತೊಟ್ಟಿಯ ಉಸಿರುಗಿಂಡಿ ಮುಚ್ಚಿದರೆ ಎಂಜಿನ್‌ಗೆ ಇಂಧನ ಹರಿಯುವುದು ನಿಲ್ಲಬಹುದು. ವೇಗವನ್ನು ಅಳೆಯುವ ಪಿಟೋ ನಳಿಕೆ ಮತ್ತು ಎತ್ತರವನ್ನು ಅಳೆಯಲು ಹೊರಗಿನ ವಾಯುವೊತ್ತಡವನ್ನು ಗ್ರಹಿಸುವ ಸ್ಟ್ಯಾಟಿಕ್ ಕಿಂಡಿಗಳು ಹಾರಾಟದಲ್ಲಿ ತೆರೆದೇ ಇರಬೇಕು.

1996ರಲ್ಲಿ ನಡೆದ ಎರಡು ದುರಂತಗಳು ಇದಕ್ಕೆ ಸಾಕ್ಷಿ. ಆ ವರ್ಷದ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಮಡಿದರು. ಹಲವು ದಿನ ಹೊದಿಕೆಯಿಲ್ಲದೆ ನಿಂತಿದ್ದ ವಿಮಾನದ ಪಿಟೋ ನಳಿಕೆಯೊಂದು ಮುಚ್ಚಿಹೋಗಿ ತಪ್ಪು ವೇಗ ತೋರಿಸಿತ್ತು. ಕಣಜದ ಗೂಡೇ ಅದಕ್ಕೆ ಕಾರಣವಾಗಿರುವ ಸಂಭವ ಹೆಚ್ಚೆಂದು ತನಿಖೆಯಲ್ಲಿ ಕಂಡುಬಂತು. ಅದೇ ವರ್ಷ ಅಕ್ಟೋಬರ್ 2ರಂದು ಪೆರು ದೇಶದಲ್ಲಿ ಇನ್ನೊಂದು ಬೋಯಿಂಗ್ 757 ಪತನವಾಗಿ 70 ಜನ ಸಾವಿಗೀಡಾದರು. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ಕಿಂಡಿಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯಲು ಮರೆತಿದ್ದರು. ಮೊದಲನೆಯದರಲ್ಲಿ ಮುಚ್ಚಬೇಕಾದಾಗ ಮುಚ್ಚಲಿಲ್ಲ; ಎರಡನೆಯದರಲ್ಲಿ ತೆರೆಯಬೇಕಾದಾಗ ತೆರೆಯಲಿಲ್ಲ. 2018ರ ಜುಲೈನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ದೊಡ್ಡ ಪ್ರಯಾಣಿಕ ವಿಮಾನವೊಂದು ಪಿಟೋ ಹೊದಿಕೆಗಳ ಸಮೇತ ಮೇಲೇರಿ, ಹೇಗೋ ಸುರಕ್ಷಿತವಾಗಿ ಮರಳಿತು. ಆ ಹೊದಿಕೆಗಳನ್ನು ಹಾಕಿದ್ದು ಕಣಜಗಳ ಕಾಟಕ್ಕೇ.

ಇದರಿಂದ ಹೊದಿಕೆಗಳನ್ನು ಎರಡು ವರ್ಗಗಳಾಗಿ ಕಾಣಬೇಕು. ಹಾರುವಾಗಲೂ ಉಳಿಯುವ ಕಟ್ಟುರಂಧ್ರದ ಬಿರಡೆ ಮೈಗೆ ಸಮನಾಗಿ, ಭದ್ರವಾಗಿ, ಗಮನ ಸೆಳೆಯದಂತೆ ಇರಬೇಕು. ಹಾರುವ ಮುನ್ನ ತೆಗೆಯಬೇಕಾದ ಹೊದಿಕೆ ಕೆಂಪು ಬಣ್ಣದ್ದಾಗಿ, ಉದ್ದನೆಯ ಪಟ್ಟಿ ನೇತಾಡುತ್ತ, ದೂರದಿಂದಲೇ ಕಣ್ಣಿಗೆ ಬೀಳಬೇಕು. ಮೊದಲನೆಯದಕ್ಕೆ ಎರಡನೆಯದರ ರೂಪ ಕೊಟ್ಟರೆ ಗೊಂದಲ. ಎರಡನೆಯದಕ್ಕೆ ಮೊದಲನೆಯದರ ರೂಪ ಕೊಟ್ಟರೆ ಪ್ರಾಣಾಪಾಯ. ಟೇಪಿನಿಂದ ಕಟ್ಟುರಂಧ್ರವನ್ನು ಮುಚ್ಚುವ ಅಗ್ಗದ ಉಪಾಯವನ್ನು ತಿಳಿದವರು ಮೆಚ್ಚದಿರುವುದಕ್ಕೂ ಇದೇ ಕಾರಣ. ಒಂದು ರಂಧ್ರಕ್ಕೆ ಟೇಪು ಹಚ್ಚುವ ಅಭ್ಯಾಸ ಪಕ್ಕದ ರಂಧ್ರಕ್ಕೂ ಹಬ್ಬುತ್ತದೆ.

ಉದ್ದಿಮೆಗೆ ಅನ್ವಯ

ಸಣ್ಣ ತಯಾರಕರು ಇಲ್ಲಿ ಒಂದು ವ್ಯತ್ಯಾಸವನ್ನು ಮನಗಾಣಬೇಕು. ಹವ್ಯಾಸಿಯು ತಾನೇ ಕಟ್ಟಿದ ವಿಮಾನದಲ್ಲಿ ಯಾವ ಬಿರಡೆ ಹಾಕಬೇಕೆಂಬ ತೀರ್ಮಾನ ಬಹುಮಟ್ಟಿಗೆ ಅವನದೇ, ಹೊಣೆಯೂ ಅವನದೇ. ಪ್ರಮಾಣೀಕೃತ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಅನುಮೋದಿತ ನಕ್ಷೆಯಲ್ಲಿಲ್ಲದ ಪ್ಲಾಸ್ಟಿಕ್ ತುಂಡನ್ನು ಕೂಡ ಮನಬಂದಂತೆ ಅಳವಡಿಸುವಂತಿಲ್ಲ. ಅಂಗಡಿಯಲ್ಲಿ ಒಂದೇ ಡಬ್ಬಿಯಿಂದ ಇಬ್ಬರಿಗೂ ಮಾರುವ ವರ್ತಕ ತನಗರಿವಿಲ್ಲದೆಯೇ ತೊಂದರೆಗೆ ಸಿಲುಕಬಹುದು.

ಆದೇಶವನ್ನು ಒಪ್ಪುವ ಮುನ್ನ ತಯಾರಕನ ಬಳಿ ನಾಲ್ಕು ಸಂಗತಿಗಳು ಲಿಖಿತವಾಗಿರಬೇಕು: ನಕ್ಷೆಯ ಸಂಖ್ಯೆ ಮತ್ತು ಅದರ ಪರಿಷ್ಕರಣೆಯ ಸಂಖ್ಯೆ, ಎಳೆಯ ಅಳತೆ ಇಂಚಿನದೋ ಮೆಟ್ರಿಕ್‌ನದೋ ಎಂಬ ಸ್ಪಷ್ಟ ನಮೂದು, ಕಚ್ಚಾ ಸರಳಿನ ಪ್ರಮಾಣಪತ್ರ, ಮತ್ತು ಪ್ರತಿ ತಂಡದ ತಯಾರಿಕೆಗೆ ಪ್ರತ್ಯೇಕ ಗುರುತು. ಮುಂದೊಂದು ದಿನ ಒಂದು ಬಿರಡೆ ಸೀಳಿದರೆ, ಅದೇ ಸರಳಿನಿಂದ ಕತ್ತರಿಸಿದ ಉಳಿದವು ಯಾರ ಬಳಿ ಇವೆ ಎಂದು ಹೇಳಬಲ್ಲವನೇ ಈ ಕ್ಷೇತ್ರದಲ್ಲಿ ಉಳಿಯುತ್ತಾನೆ. 1999ರಲ್ಲಿ ಮೊದಲು ಪ್ರಕಟವಾದ ಎಎಸ್ 9100 ಎಂಬ ವೈಮಾನಿಕ ಗುಣಮಟ್ಟ ವ್ಯವಸ್ಥೆ ಕೇಳುವುದರಲ್ಲಿ ಬಹುಪಾಲು ಇದೇ ಲೆಕ್ಕಪತ್ರದ ಶಿಸ್ತು.

ಕಾರ್ಖಾನೆಯ ಒಳಗೂ ಇದೇ ತತ್ವ ಅನ್ವಯಿಸುತ್ತದೆ. ವಿಮಾನ ಬಿಡಿಭಾಗಗಳನ್ನು ಸಾಗಿಸುವಾಗ ಕೊಳವೆ ಮತ್ತು ಎಳೆಯ ರಂಧ್ರಗಳ ಬಾಯಿಗೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಹಾಕುವುದು ರೂಢಿ. ಎಷ್ಟು ಮುಚ್ಚಳ ಹಾಕಲಾಯಿತು, ಜೋಡಿಸುವಾಗ ಎಷ್ಟು ತೆಗೆಯಲಾಯಿತು ಎಂದು ಎಣಿಸಿ ಬರೆದಿಡುವುದು ಅದಕ್ಕಿಂತ ಮುಖ್ಯವಾದ ರೂಢಿ. ಎಣಿಕೆ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಗೋದಾಮಿನಲ್ಲಿ ಮೂಟೆಗಳ ಲೆಕ್ಕ ಹಿಡಿಯುವ ವರ್ತಕನಿಗೆ ಈ ಕ್ರಮ ಹೊಸದೇನಲ್ಲ. ಅದನ್ನು ಒಂದು ಗ್ರಾಮಿನ ವಸ್ತುವಿಗೂ ಅನ್ವಯಿಸುವುದಷ್ಟೇ ಹೊಸದು.

ಕಟ್ಟುರಂಧ್ರದ ಬಿರಡೆಯೊಂದರಿಂದಲೇ ಯಾರೂ ಸಂಪತ್ತು ಗಳಿಸಲಾರರು. ಅದರ ಮಾರುಕಟ್ಟೆ ಚಿಕ್ಕದು. ಆದರೆ ಅದನ್ನು ಸರಿಯಾದ ಎಳೆಯಲ್ಲಿ, ಸರಿಯಾದ ವಸ್ತುವಿನಲ್ಲಿ, ಸರಿಯಾದ ದಾಖಲೆಯೊಂದಿಗೆ ಒದಗಿಸಬಲ್ಲ ಕಾರ್ಖಾನೆಗೆ ಅದಕ್ಕಿಂತ ದೊಡ್ಡ ಬಿಡಿಭಾಗದ ಆದೇಶ ಪಡೆಯುವ ಅರ್ಹತೆಯೂ ಇರುತ್ತದೆ. ಬಿರುಗಾಳಿಯ ಸಂಜೆ ವಿಮಾನದ ಮಾಲೀಕನು ಬಿರಡೆ ತೆಗೆದು, ಶುಭ್ರವಾದ ಎಳೆಗಳಲ್ಲಿ ಬಳೆಯನ್ನು ಕೊನೆಯವರೆಗೂ ತಿರುಗಿಸಿ, ಹಗ್ಗ ಬಿಗಿದು ನಿಶ್ಚಿಂತನಾಗಿ ಮನೆಗೆ ಹೋಗುವಂತಾದರೆ ಆ ಬಿರಡೆಯನ್ನು ತಯಾರಿಸಿದವನ ಕೆಲಸ ಪೂರ್ಣವಾದಂತೆ.